ಹವಾಲ್ದಾರ್ ಹಸನಬ್ಬನವರ ಒಂದು ಸಹಿ

ಹಸನಬ್ಬ ಸೈನ್ಯಕ್ಕೆ ಸೇರಿದ್ದು ಅನ್ನಕ್ಕಾಗಿ. ಈ ಮಾತನ್ನು ಅವರು ಮೂವತ್ತಮೂರು ವರ್ಷ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಅರವತ್ತೆಂಟನೇ ಇಸವಿ. ಫರಂಗಿಪೇಟೆಯ ಮನೆಯಲ್ಲಿ ತಾಯಿ ಮೈಮೂನಮ್ಮ ಬೀಡಿ ಕಟ್ಟಿದರೆ ಗಂಜಿ, ಇಲ್ಲದಿದ್ದರೆ ಅದೂ ಇಲ್ಲ. ಮಿಲಿಟರಿಯಲ್ಲಿ ಅನ್ನಕ್ಕೆ ಅಳತೆಯಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡು ಹುಡುಗ ಮಂಗಳೂರಿಗೆ ಓಡಿದ. ತೂಕ ಸಾಲಲಿಕ್ಕಿಲ್ಲವೆಂದು ಒಂದು ಡಜನ್ ಬಾಳೆಹಣ್ಣು ನುಂಗಿ, ಅದರ ಮೇಲೆ ನಳ್ಳಿಗೆ ಬಾಯಿಯಿಟ್ಟು ಹೊಟ್ಟೆ ಬಿರಿಯುವಷ್ಟು ನೀರು ಕುಡಿದು, ಉಸಿರು ಬಿಗಿಹಿಡಿದು ತಕ್ಕಡಿಯ ಮೇಲೆ ನಿಂತ. ಸೈನ್ಯಕ್ಕೆ ಸೇತುವೆ, ರಸ್ತೆ ಕಟ್ಟಿಕೊಡುವ ಸ್ಯಾಪರ್ಸ್ ಪಡೆಯ ಬೆಂಗಳೂರಿನ ಕೇಂದ್ರದಲ್ಲಿ ಮೊದಲ ಊಟಕ್ಕೆ ಮೂರನೆಯ ಸಲ ತಟ್ಟೆ ಚಾಚಿದಾಗ ಬಡಿಸುವವನು ಹಿಂದಿಯಲ್ಲಿ ಏನೋ ಹೇಳಿ ನಕ್ಕ. ಹಸನಬ್ಬನಿಗೆ ಹಿಂದಿ ಬರುತ್ತಿರಲಿಲ್ಲ, ಆದರೆ ತಟ್ಟೆಗೆ ಅನ್ನ ಬಿತ್ತು.

ಅಲ್ಲಿಂದ ಇಪ್ಪತ್ತನಾಲ್ಕು ವರ್ಷ. ತೊಂಬತ್ತೆರಡರಲ್ಲಿ ಹವಾಲ್ದಾರರಾಗಿ ಮರಳಿದವರು ವಿಟ್ಲದ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತರು. ಅಡಿಕೆ ವ್ಯಾಪಾರಿಗಳು ಚೀಲವನ್ನು ಇವರ ಕಾಲಬುಡದಲ್ಲಿಟ್ಟು ನಿಶ್ಚಿಂತೆಯಿಂದ ಚಾ ಕುಡಿದು ಬರುತ್ತಿದ್ದರು. ಸರತಿ ಸಾಲಲ್ಲಿ ಜಗಳವಾದರೆ ಮ್ಯಾನೇಜರಿಗಿಂತ ಮೊದಲು ‘ಹವಾಲ್ದಾರ್ರು’ ಬೇಕು. ಸೈನ್ಯಕ್ಕೆ ಯಾಕೆ ಸೇರಿದಿರಿ ಎಂದು ಕೇಳಿದವರಿಗೆಲ್ಲ ಅವರು ‘ದೇಶಕ್ಕಾಗಿ’ ಎನ್ನುತ್ತಿದ್ದರು. ಹಾಗೆಂದ ಪ್ರತಿಸಲವೂ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಗುತ್ತಿತ್ತು.

ಎರಡು ಸಾವಿರದ ಒಂದರಲ್ಲಿ ಮಗ ಝಕರಿಯಾ ಪಿಯುಸಿ ಮುಗಿಸಿದ. ಹೆಂಡತಿ ಖದೀಜರ ತಮ್ಮ ಅಬೂಬಕ್ಕರ್ ಗಲ್ಫಿನ ದಮ್ಮಾಮಿನಿಂದ ವೀಸಾ ಕಳಿಸಿದ್ದ. ಕೇರಿಯ ಹುಡುಗರು ಅಂಥದ್ದೊಂದು ಕಾಗದಕ್ಕೆ ಹರಕೆ ಹೊರುತ್ತಿದ್ದ ಕಾಲ. ಈ ಮಹಾಶಯ ಮಾತ್ರ ಅದನ್ನು ಮೇಜಿನ ಮೇಲಿಟ್ಟು, “ಬಾಪಾ, ಮುಂದಿನ ತಿಂಗಳು ಮಿಲಿಟರಿ ಭರ್ತಿ ಉಂಟು. ನಾನು ಅದಕ್ಕೆ ಹೋಗ್ತೇನೆ” ಎಂದ. ಮಾಜಿ ಸೈನಿಕನ ಮಗನೆಂದು ತಂದೆಯ ಸೇವಾ ದಾಖಲೆಗಳಿರುವ ಸೈನ್ಯದ ರೆಕಾರ್ಡ್ ಆಫೀಸಿನಿಂದ ಪ್ರಮಾಣಪತ್ರ ತರಿಸಬೇಕಿತ್ತು. ಅದಕ್ಕೆ ತಂದೆಯ ಸಹಿ ಬೇಕಿತ್ತು.

ಹಸನಬ್ಬ ಸಹಿ ಹಾಕಲಿಲ್ಲ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ ಎಂದು ಅವರಿಗೆ ಸಿಟ್ಟು. ಕಾರ್ಗಿಲ್ ಯುದ್ಧವನ್ನು ಟೀವಿಯಲ್ಲಿ ನೋಡಿ ಹತ್ತಿದ ಜ್ವರ, ನಾಲ್ಕು ದಿನ ಬಿಟ್ಟರೆ ಇಳಿಯುತ್ತದೆ ಎಂದುಕೊಂಡರು. ಖದೀಜರೂ ಗಂಡನ ಪಕ್ಷಕ್ಕೇ ನಿಂತರು. ಮದುವೆಯಾದಂದಿನಿಂದ ಒಂದು ವಿಷಯದಲ್ಲೂ ಒಪ್ಪದ ಹೆಂಗಸು ಇದಕ್ಕೆ ಒಪ್ಪಿದ್ದು ಕಂಡು, ತಾನು ಎಲ್ಲಿಯಾದರೂ ತಪ್ಪುತ್ತಿದ್ದೇನೆಯೇ ಎಂದು ಅವರಿಗೆ ಸಣ್ಣ ಅನುಮಾನ ಬಂದದ್ದೂ ಹೌದು.

ಜ್ವರ ಇಳಿಯಲಿಲ್ಲ. ಅರ್ಜಿ ಕಳಿಸಲು ಒಂದೇ ದಿನ ಉಳಿದಾಗ ಝಕರಿಯಾ ಕಾಗದ ಹಿಡಿದುಕೊಂಡು ವಿಟ್ಲದ ಬ್ಯಾಂಕಿಗೇ ಬಂದ. ಮಧ್ಯಾಹ್ನ, ಹಿಂಬದಿಯ ಜಗಲಿಯಲ್ಲಿ ಹಸನಬ್ಬ ಬುತ್ತಿ ಬಿಚ್ಚಿ ಕೂತಿದ್ದರು.

“ಹೊಟ್ಟೆಗಿಲ್ಲದವ ಹೋಗುವ ಜಾಗ ಅದು. ನಿನಗೆ ಇಲ್ಲಿ ಎಂತ ಕಮ್ಮಿ ಆಗಿದೆ ಮಾರಾಯ?”

“ನೀವು ದೇಶಕ್ಕೆ ಅಂತ ಹೋದದ್ದಲ್ವಾ?”

ಹಸನಬ್ಬ ಬುತ್ತಿಯ ಮುಚ್ಚಳ ಮುಚ್ಚಿದರು. “ಅಲ್ಲ. ಅನ್ನಕ್ಕೆ ಹೋದದ್ದು. ತೂಕ ಬರ್ಲಿಕ್ಕೆ ಬಾಳೆಹಣ್ಣು ತಿಂದು ನಳ್ಳಿ ನೀರು ಕುಡಿದು ನಿಂತವ ನಾನು. ಉಳಿದದ್ದೆಲ್ಲ ಸುಮ್ಮನೆ ಹೇಳಿದ್ದು.”

ಮಗ ನಗುತ್ತಾನೆ ಎಂದುಕೊಂಡಿದ್ದರು. ಅವನು ನಗಲಿಲ್ಲ.

“ಎಂಬತ್ತಮೂರಕ್ಕೆ ನಿಮ್ಮ ಹದಿನೈದು ವರ್ಷ ಮುಗಿದಿತ್ತು. ಪೆನ್ಶನ್ ತೆಗೊಂಡು ಬರ್ಬಹುದಿತ್ತು. ಮಾವ ಆಗಲೂ ನಿಮಗೆ ವೀಸಾ ಕಳಿಸಿದ್ರಂತೆ, ಉಮ್ಮ ಹೇಳಿದ್ದಾರೆ. ಹೊಟ್ಟೆ ತುಂಬಿದ ಮೇಲೂ ನೀವು ಎಂತಕ್ಕೆ ಉಳಿದದ್ದು ಬಾಪಾ?”

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಹಸನಬ್ಬನವರಿಗೆ ಎಪ್ಪತ್ತೊಂದರ ಯುದ್ಧದ ಒಂದು ಬೆಳಿಗ್ಗೆ ನೆನಪಾಯಿತು. ಎದೆಮಟ್ಟದ ನೀರಿನಲ್ಲಿ ನಿಂತು ಕಟ್ಟಿದ ಸೇತುವೆಯ ಮೇಲೆ ಮೊದಲ ಲಾರಿ ಹೋಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಚಳಿಗೆ ಹಲ್ಲು ಕಡಿಯುತ್ತಾ ಅವರು ಲಾರಿಗಳನ್ನು ಎಣಿಸುತ್ತಾ ನಿಂತುಬಿಟ್ಟಿದ್ದರು. ಅನ್ನಕ್ಕಾಗಿ ಸೈನ್ಯ ಸೇರಿದ ಆಸಾಮಿಗೆ ಅಂದು ಸಂಜೆಯವರೆಗೆ ತಾನು ಉಂಡಿಲ್ಲವೆಂಬುದೇ ನೆನಪಾಗಿರಲಿಲ್ಲ.

“ಬಿಟ್ಟು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ” ಎಂದರು ಮೆಲ್ಲಗೆ.

“ನಿಮಗೆ ಅಲ್ಲಿಗೆ ಹೋದ ಮೇಲೆ ಬಂದ ಮನಸ್ಸು, ನನಗೆ ಇಲ್ಲಿಯೇ ಬಂದಿದೆ. ಅಷ್ಟೇ.”

ಹಸನಬ್ಬ ಕೈ ತೊಳೆದುಕೊಂಡು ಒಳಗೆ ಹೋದರು. ಗಿರಾಕಿಗಳು ಚಲನ್ ತುಂಬುವ ಮೇಜಿಗೆ ಬಗ್ಗಿ, ದಾರ ಕಟ್ಟಿದ ಪೆನ್ನಿನಿಂದ ಸಹಿ ಹಾಕಿದರು. ಹೆಸರಿನ ಕೆಳಗೆ ತಮ್ಮ ಸೈನ್ಯದ ನಂಬರನ್ನೂ ಬರೆದರು.

ಝಕರಿಯಾ ಆಯ್ಕೆಯಾದ. ಖದೀಜ ಒಂದು ವಾರ ಗಂಡನ ಹತ್ತಿರ ಮಾತು ಬಿಟ್ಟರು, ಆದರೆ ಕೈ ಸುಮ್ಮನಿರಬೇಕಲ್ಲ. ಮಗ ಹೊರಡುವ ದಿನ ನೋಡಿದರೆ ಗಲ್ಫಿಗೆ ಹೋಗುವವರಿಗೆ ಮಾಡುವಂತೆಯೇ ದೊಡ್ಡ ರಟ್ಟಿನ ಪೆಟ್ಟಿಗೆಗೆ ಉಪ್ಪಿನಕಾಯಿ, ಒಣಮೀನು ತುಂಬಿ, ನೀಲಿ ಹಗ್ಗ ಬಿಗಿದು, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆಸಿಟ್ಟಿದ್ದರು.

“ಅಲ್ಲಿ ಇರುವುದು ಕಸ್ಟಮ್ಸಿನವರಲ್ಲ ಮಾರಾಯ್ತಿ, ಸುಬೇದಾರ್ರು! ಈ ಪೆಟ್ಟಿಗೆಯನ್ನು ಇವನ ತಲೆ ಮೇಲೆ ಹೊರಿಸಿ ಮೈದಾನಕ್ಕೆ ನಾಲ್ಕು ಸುತ್ತು ಓಡಿಸ್ತಾರೆ” ಎಂದು ಹಸನಬ್ಬ ಹಗ್ಗ ಕೊಯ್ದರು. ಖದೀಜ ನಕ್ಕು, ಆಮೇಲೆ ಅತ್ತರು. ಉಪ್ಪಿನಕಾಯಿಯ ಒಂದು ಬಾಟ್ಲಿ ಮಾತ್ರ ಬಟ್ಟೆಗಳ ನಡುವೆ ನುಸುಳಿಕೊಂಡು ಹೋಯಿತು.

ಸುದ್ದಿ ವಿಟ್ಲಕ್ಕೆ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಸೋಮವಾರ ಬ್ಯಾಂಕು ತುಂಬಿ ತುಳುಕುತ್ತಿದ್ದಾಗ ಅಡಿಕೆ ವ್ಯಾಪಾರಿ ಧರ್ಣಪ್ಪ ಸಾಲಿನಿಂದಲೇ ಕೇಳಿದರು: “ಎಂತ ಹವಾಲ್ದಾರ್ರೇ, ವೀಸಾ ಬಂದ ಮಗನನ್ನು ನೀವು ಮಿಲಿಟರಿಗೆ ಕಳಿಸಿದ್ದಂತೆ? ನಿಮ್ಮ ಹಾಗೆ ಅವನಿಗೂ ದೇಶದ ಹುಚ್ಚಾ?”

ಎಲ್ಲರೂ ತಿರುಗಿ ನೋಡಿದರು. ಹಸನಬ್ಬ ಬೆನ್ನು ನೆಟ್ಟಗೆ ಮಾಡಿ, ಕೌಂಟರಿನ ಆಚೆ ಕೂತವರಿಗೂ ಕೇಳುವಂತೆ ಹೇಳಿದರು:

“ನಾನು ಕಳಿಸಿದ್ದಲ್ಲ ಧರ್ಣಪ್ಪಣ್ಣ. ನನ್ನನ್ನು ಹಸಿವು ಕಳಿಸಿದ್ದು. ನನ್ನ ಮಗನನ್ನು ಯಾರೂ ಕಳಿಸ್ಲಿಲ್ಲ. ಅವ ಅವನೇ ಹೋದದ್ದು.”