ದಾಂಡೇಲಿಯಲ್ಲಿ ಕಂಡ ಜಪಾನಿನ ರಗ್ಬಿ

ದಾಂಡೇಲಿಯ ಬಸ್ ನಿಲ್ದಾಣದ ಚಹಾದಂಗಡಿ. ಕಾರ್ಖಾನೆಯ ಯಂತ್ರ ಜೋಡಿಸಲು ಬಂದ ಜಪಾನಿನ ಫಿಟ್ಟರ್ ಒಬ್ಬ ಮೊಟ್ಟೆಯಾಕಾರದ ಚೆಂಡು ಹಿಡಿದು ಕುಳಿತಿದ್ದ. ಅದು ರಗ್ಬಿ ಚೆಂಡು, ನಮ್ಮೂರಿನಲ್ಲಿ ಆಡುತ್ತೇನೆ ಎಂದ. ಅವನ ಇಂಗ್ಲಿಷನ್ನು ಕನ್ನಡ ಮಾಡುವ ಕೆಲಸ, ನಮ್ಮ ಮನೆತನದ ಮೊದಲ ಬಿ.ಎ. ಆದ ನನಗೆ ಬಂತು.

ಪಕ್ಕದಲ್ಲಿದ್ದ ಕಟ್ಟಿಗೆ ಗುತ್ತಿಗೆದಾರರೊಬ್ಬರು ನಕ್ಕರು. "ಅದು ಬಿಳಿ ಸಾಹೇಬ್ರ ಆಟ. ಈ ಗಿಡ್ಡನ್ನ ಆಡಾಕ ಯಾರ್ ಕರೀತಾರ? ಕೇಳ್ರಿ ಬಿ.ಎ. ಮಾಸ್ತರ!"

ಒಕ್ಕಲಿಗನ ಮಗನಿಗೆ ಕಾಲೇಜ್ಯಾಕೆ ಎಂದು ಊರವರು ನನ್ನನ್ನು ನೋಡಿ ನಕ್ಕದ್ದೂ ಹೀಗೆಯೇ. ಗುತ್ತಿಗೆದಾರರ ಮಾತನ್ನು ಒಂದಕ್ಷರ ಬಿಡದೆ ಜಪಾನಿಯವನಿಗೆ ಹೇಳಿದೆ.

ಅವನು ಎದ್ದ. ಬಸ್ಸಿಗೆ ಕಾಯುತ್ತಿದ್ದ ಹಳಿಯಾಳದ ಪೈಲವಾನನೊಬ್ಬನ ಕೈಗೆ ಚೆಂಡು ಕೊಟ್ಟು, ತನ್ನನ್ನು ದಾಟಿ ಓಡುವಂತೆ ಸನ್ನೆ ಮಾಡಿದ. ಪೈಲವಾನ ಹೋರಿಯಂತೆ ನುಗ್ಗಿದ. ಜಪಾನಿಯವನು ಬಗ್ಗಿ, ಎರಡೂ ಕಾಲು ತಬ್ಬಿ ಕೆಡವಿದ. ಮರುಗಳಿಗೆಯೇ ಅವನನ್ನು ಎಬ್ಬಿಸಿ, ಮೈಮೇಲಿನ ಧೂಳು ಝಾಡಿಸಿ, ತಲೆಬಾಗಿ ವಂದಿಸಿದ.

"ಭಪ್ಪರೆ ತಮ್ಮಾ! ನಮ್ಮ ಗರಡಿಗೆ ಬಾರೋ!" ಎಂದು ಪೈಲವಾನ ಅಪ್ಪಿಕೊಂಡ.

"ಆದ್ರೂ ಸಾಹೇಬ್ರು ಕರೀಬೇಕಲ್ರಿ?" ಗುತ್ತಿಗೆದಾರರು ಬಿಡಲಿಲ್ಲ.

ಅದನ್ನೂ ಹೇಳಿದೆ. ಅವನು ಕೊಟ್ಟ ಉತ್ತರವನ್ನು ನಿಲ್ದಾಣಕ್ಕೆಲ್ಲ ಕೇಳುವಂತೆ ನನ್ನ ಮಾತಿನಲ್ಲಿ ಕೂಗಿದೆ: "ಸಾಹೇಬ್ರು ಕರೀಲಿಲ್ಲಂದ್ರ ಅವ್ರನ್ನ ನಾವೇ ನಮ್ಮ ಜಪಾನಿಗೆ ಆಡಾಕ ಕರಸ್ತೇವಿ. ಅಲ್ಲೀತನಾ ಆಡೂದು ಬಿಡಂಗಿಲ್ಲ!"