ಹಮೂರಿನ ಮರಿಗಳ ಪೈಪು

ಆ ದಿನಗಳದ್ದೆಂದು ನನ್ನ ಕಿವಿಯಲ್ಲಿ ಉಳಿದಿರುವುದು ಸಿಮೆಂಟ್ ಪೈಪಿನ ಬಾಯಿಂದ ನೀರು ಕೆಳಗೆ ಬೀಳುವ ಸದ್ದು. ಎರಡು ಸಾವಿರದ ಐದೋ ಆರೋ ಇರಬೇಕು. ಗಲ್ಫಿನಲ್ಲಿ, ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿನಿಂದ ಸ್ವಲ್ಪ ದೂರದಲ್ಲಿ, ಕಡಲ ಹಿನ್ನೀರಿಗೆ ಅಡ್ಡಲಾಗಿ ಹೊಸ ರಸ್ತೆ ಹಾಕಿ, ಅಡಿಯಲ್ಲಿ ಪೈಪು ಹೂತಿದ್ದರು. ಆಚೆ ಬದಿಗೆ ಉಪ್ಪುನೀರಿನಲ್ಲೇ ಬೇರುಬಿಟ್ಟು ನಿಲ್ಲುವ ಕಾಂಡ್ಲಾ ಗಿಡಗಳು. ಹಮೂರು, ಅಂದರೆ ನಮ್ಮೂರಿನ ಮುರು ಮೀನಿನ ಜಾತಿ, ಮೊಟ್ಟೆಯಿಡುವುದು ಕಡಲಲ್ಲಿ. ಮರಿಗಳು ಬೆಳೆಯುವುದು ಆ ಬೇರುಗಳ ನಡುವೆ. ಅವು ಪೈಪು ದಾಟುತ್ತವೆಯೇ ಎಂದು ನೋಡುವುದು ನನ್ನ ಗಂಡನ ಡ್ಯೂಟಿ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಝೂವಾಲಜಿ ನನ್ನ ತಲೆಯಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಬಲೆ ಹಿಡಿದು ನಾನೂ ಹೋಗುತ್ತಿದ್ದೆ, ಅನ್‌ಪೇಯ್ಡ್ ಅಸಿಸ್ಟೆಂಟ್.

ಪೈಪು ಕೂರಿಸಿದ ಫೋರ್‌ಮನ್ ಉಳ್ಳಾಲದ ಕಡೆಯ ಬ್ಯಾರಿ. ನನ್ನ ಗಂಡ ನೋಡಿ ಕೆಲಸ ಪಾಸಾದರೆ ಮಗಳ ನಿಕಾಹ್‌ಗೆ ರಜೆ ಎಂದು ಕಂಪೆನಿ ಮಾತು ಕೊಟ್ಟಿತ್ತು.

"ನಿಮ್ಮ ಮೀನುಗಳಿಗೆ ಸ್ವಲ್ಪ ಬೇಗ ಹೋಗ್ಲಿಕ್ಕೆ ಹೇಳಿ ಬಾಯಮ್ಮಾ."

"ನನ್ನ ಮಾತು ಮನೆಯವ್ರೇ ಕೇಳುದಿಲ್ಲ, ಮೀನು ಕೇಳ್ತದಾ?"

ಅಂದು ಇಳಿತದ ಹೊತ್ತು. ಕಡಲ ಬದಿಯಲ್ಲಿ ಬೀಳುವ ನೀರಿನ ಕೆಳಗೆ ಮರಿಗಳು ಕಿಕ್ಕಿರಿದಿದ್ದವು. ಗಿಡಗಳ ಬದಿಯಲ್ಲಿ ಬಲೆ ಎಳೆದ ನನ್ನ ಗಂಡ ಎದ್ದು ನಿಂತು ಕೂಗಿದರು: "ಖಲಾಸ್!"

ನಮ್ಮ ಮನೆಯ ಮಾತಿನಲ್ಲಿ ಖಲಾಸ್ ಎಂದರೆ ಕೆಟ್ಟಿತು, ಸತ್ತಿತು. ಗಲ್ಫಿನಲ್ಲೇ ತಲೆ ನರೆತ ಫೋರ್‌ಮನ್‌ಗೆ ಅದು ಕೆಲಸ ಮುಗಿಯಿತು ಎಂಬ ಮಾತು. "ಅಲ್‌ಹಮ್ದುಲಿಲ್ಲಾ" ಎಂದವನೇ ಊರಿಗೆ ಫೋನ್ ಹಚ್ಚಿದ. ನಿಕಾಹ್‌ಗೆ ಬರುವ ತಿಂಗಳ ಶುಕ್ರವಾರವೊಂದು ಅಲ್ಲೇ ಗೊತ್ತಾಗಿಹೋಯಿತು.

ಗಂಡ ರಸ್ತೆ ದಾಟಿ ಬಂದರು. "ಪೈಪು ತೆಗೀಬೇಕು ಮಾರಾಯ್ರೆ. ಬಾಯಿ ನೀರಿಗಿಂತ ಮೇಲಾಗಿದೆ. ಒಂದು ಮರಿಯೂ ದಾಟ್ಲಿಲ್ಲ."

"ನೀವೇ ಖಲಾಸ್ ಅಂದ್ರಲ್ಲ?"

"ಹೌದು. ಖಲಾಸೇ."

ನಾನು ಬಲೆ ಹಿಂಡುತ್ತ ನಿಂತಿದ್ದೆ. ಏನೂ ಅನ್ನಿಸಲಿಲ್ಲ.

ಪೈಪು ಅಗೆದು ತಗ್ಗಿಸುವ ಕೆಲಸ ಶುರುವಾಯಿತು, ರಜೆ ರದ್ದಾಯಿತು. ಗಂಡಿನ ಕಡೆಯವರು ದಿನ ಬದಲಿಸಲು ಒಪ್ಪಲಿಲ್ಲ.

ಆ ಶುಕ್ರವಾರ ನಾವು ಮತ್ತೆ ನೋಡಲು ಹೋದೆವು. ಮರಿಗಳು ಒಳಗೆ ಹೋಗುತ್ತಿದ್ದವು, ಸುಮ್ಮನೆ, ಏನೂ ಆಗಿಲ್ಲವೆಂಬಂತೆ. ಪ್ಯಾಂಟು ಮಡಚಿಕೊಂಡು ಫೋರ್‌ಮನ್ ನೀರಿನಲ್ಲಿ ನಿಂತಿದ್ದ. ಕೆಲಸದ ಜಾಕೆಟ್ಟಿನೊಳಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು. ಒಂದು ಕಿವಿಗೆ ಫೋನು, ಆ ಕಡೆ ಊರಿನಲ್ಲಿ ನಿಕಾಹ್. ಜನರೇಟರಿನ ಗದ್ದಲಕ್ಕೆ ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿದ್ದ. ನಾನು ಹತ್ತಿರ ಹೋದೆ. ಮಾತಾಡಬೇಡಿ ಎಂದು ತಲೆಯಾಡಿಸಿದ. ಅವರ ಕ್ಯಾಂಪಿದ್ದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುವ ಕಂಪೆನಿ ಬಸ್ಸಿನಿಂದ ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿದ. ಫೋನು ಕಿವಿಯಲ್ಲಿಟ್ಟುಕೊಂಡೇ ಅವನು ಬಸ್ಸು ಹತ್ತಿದ. ಆಮೇಲೆ ಅವನನ್ನು ನಾನು ನೋಡಿಲ್ಲ.