ಐತೆ ಅನ್ನಬ್ಯಾಡ ಅಂದವಳು

"ನಾಟ್ಕದಾಕಿ ಮಗ್ಳು ಡಿಗ್ರಿ ಮಾಡ್ತಾಳಂತೆ! ಆತು ಬಿಡು, ಅದ್ನೂ ನೋಡಾನ" ಅಂತ ನಿನ್ನಣ್ಣ, ಕೊಕ್ಕನೂರಿನ ಮಾವ ನಕ್ಕಿದ್ದು ನೆನಪಿದೆಯಾ ಅವ್ವ? ಡಿಗ್ರಿ ಮಾಡಿದೆ. ನಮ್ಮ ಮನೆತನದಲ್ಲೇ ಮೊದಲು. ಆದರೆ ಆ ಓದಿನ ಹಮ್ಮಿನಲ್ಲಿ, ನಿನಗೆ ಬಂದಿದ್ದ ಪಾತ್ರವನ್ನು ತಪ್ಪಿಸಿದವಳು ನಾನು. ಇದನ್ನು ನಿನಗೆ ಇವತ್ತಿನವರೆಗೂ ಹೇಳಿಲ್ಲ.

ಟೀವಿಯ ಆ ನಗೆ ಧಾರಾವಾಹಿ — ಪ್ರಾಯ ಇಳಿಯುತ್ತಿರುವ ನಾಟಕದ ನಟಿಯೊಬ್ಬಳ ಕಥೆ. ಬೆಳಿಗ್ಗೆ ನಲ್ಲಿಯ ಹತ್ತಿರ ಜಗಳ, ಸಂಜೆ ರಂಗದ ಮೇಲೆ ಮಹಾರಾಣಿ. ಹರಿಹರದಲ್ಲಿ ನಿಮ್ಮ ನಾಟಕ ಕಂಪನಿ ಕ್ಯಾಂಪ್ ಹಾಕಿದ್ದಾಗ ನಿನ್ನ ನಾಟಕ ನೋಡಿದ ನಿರ್ದೇಶಕರು ಆ ಪಾತ್ರಕ್ಕೇ ನಿನ್ನನ್ನು ಆಡಿಷನ್‌ಗೆ ಕರೆದಿದ್ದರು. ಆಡಿಷನ್ನಿನ ಹಿಂದಿನ ದಿನ ಅವರ ಫೋನ್ ಬಂತು. ನೀನು ಸಂತೆಗೆ ಹೋಗಿದ್ದೆ, ನಾನು ಎತ್ತಿದೆ.

"ನಿಮ್ಮ ತಾಯಿಗೆ ಹೇಳಿ, ಮನೇಲಿ ಹೇಗೆ ಮಾತಾಡ್ತಾರೋ ಹಾಗೇ ಮಾತಾಡ್ಲಿ. ನಮಗೆ ಬೇಕಿರೋದೇ ಆ ಭಾಷೆ."

ನಾನು ಹೇಳಲಿಲ್ಲ.

ಕಾಲೇಜಿನ ಸೆಮಿನಾರಿನಲ್ಲಿ ನನ್ನ ಬಾಯಿಂದ "ಐತೆ" ಅಂತ ಬಂದಾಗ ಹಿಂದಿನ ಬೆಂಚು ಕಿಸಕ್ಕೆಂದಿತ್ತು. ಆಮೇಲೆ ಎಷ್ಟು ಕಷ್ಟಪಟ್ಟು ನಾಲಿಗೆ ತಿದ್ದಿಕೊಂಡಿದ್ದೆ! ಈಗ ನೀನು ಟೀವಿಯಲ್ಲಿ ಅದೇ ಮಾತಾಡಿದರೆ — ಎಲ್ಲರೂ ನೋಡಿ — ಇವಳ ಅವ್ವ ಅಂತ...

ಅವತ್ತು ಸಂಜೆ ನಿನ್ನನ್ನು ಕೂರಿಸಿಕೊಂಡು ಹೇಳಿದೆ: "ಐತೆ ಅನ್ನಬ್ಯಾಡವ್ವ, ಇದೆ ಅನ್ನು."

"ಮೊದ್ಲು ನೀ ಬೇಡ ಅನ್ನೋದು ಕಲಿಯೇ, ಮೇಷ್ಟ್ರಮ್ಮ!" ಅಂತ ನಕ್ಕೆ ನೀನು. ನಕ್ಕರೂ ಕಲಿತೆ. ರೊಟ್ಟಿ ಬಡಿಯುತ್ತಾ "ಹಿಟ್ಟು ಇದೆ, ಉಪ್ಪು ಇದೆ, ಬೆಂಕಿ ಇದೆ" ಅಂತ ಬಾಯಿಪಾಠ ಮಾಡಿದೆ. ಮಗಳು ಓದಿದವಳು, ಅವಳು ಹೇಳಿದ್ದು ಸರಿಯೇ ಇರುತ್ತದೆ ಅಂತ ನಂಬಿದೆ.

ಆಡಿಷನ್‌ನಲ್ಲಿ ಪ್ರತಿ "ಇದೆ"ಗೂ ಮುಂಚೆ ನೀನು ತಡವರಿಸಿದೆ, ಕತ್ತಲಲ್ಲಿ ಮೆಟ್ಟಿಲು ಹುಡುಕುವವಳ ಹಾಗೆ. ಆ ನಿರ್ದೇಶಕರ ಮುಖ ಇಳಿದದ್ದನ್ನು ನಾನು ಬಾಗಿಲ ಬಳಿ ನಿಂತು ನೋಡಿದೆ. ಆಗಲೂ ಬಾಯಿ ಬಿಡಬಹುದಿತ್ತು.

ವಾಪಸ್ ಬರುವಾಗ ಆಟೋದಲ್ಲಿ ನೀನು "ನನ್ನ ಬಾಯಾಗ ಕೂಡ್ಲಿಲ್ಲ ಬಿಡು ಆ ಪಾತ್ರ" ಅಂದೆ. ನನಗೆ ಮಂಡಕ್ಕಿ ಕೊಡಿಸಿದೆ.

ಪಾತ್ರ ಬೇರೆಯವರ ಪಾಲಾಯಿತು. ವಿನೋಬನಗರದ ನಮ್ಮ ಮನೆಯಲ್ಲಿ ನೀನು ಅಕ್ಕಪಕ್ಕದವರನ್ನೆಲ್ಲ ಕೂರಿಸಿಕೊಂಡು ದಿನಾ ಆ ಧಾರಾವಾಹಿ ನೋಡಿ, ತೊಡೆ ತಟ್ಟಿ ನಗುತ್ತಿದ್ದೆ. ಆ ನಟಿ ನಮ್ಮ ಮಾತು ಆಡಲು ಹೋಗಿ ಎಡವಿದರೆ "ಪಾಪ, ಐತೆ ಅನ್ನಾಕೂ ಬರಲ್ಲ ಈಕಿಗೆ" ಅನ್ನುತ್ತಿದ್ದೆ. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ನಾನು ಮಾತ್ರ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಚಿಕ್ಕವಳಿದ್ದೆ, ಹೆದರಿದ್ದೆ ಅಂದರೆ ಸಬೂಬಾಗುತ್ತದೆ. ನಾಚಿದ್ದೆ, ಅವ್ವ. ನಿನ್ನ ಮಾತಿಗೆ — ಅಂದರೆ ನಿನಗೇ. ಈ ಭಾನುವಾರ ಇದನ್ನು ನಿನ್ನೆದುರು ಕೂತು ಹೇಳುತ್ತೇನೆ, ನಮ್ಮ ಮನೆಯ ಮಾತಲ್ಲೇ.

ಇನ್ನು ಮುಚ್ಚಿಡಲಾರೆ ಅನ್ನಿಸಿದ್ದು ಮೊನ್ನೆ, ಡಿಗ್ರಿ ಸರ್ಟಿಫಿಕೇಟನ್ನು ನಿನ್ನ ಕೈಗೆ ಕೊಟ್ಟಾಗ. ಸೆರಗಿಗೆ ಕೈ ಒರೆಸಿಕೊಂಡು ತಗೊಂಡೆ. ಮನೆಗೆ ಬಂದಿದ್ದ ಮಾವನನ್ನು ಹತ್ತಿರ ಕರೆದು, ಕೊನೆಯ ಸಾಲಿನವರಿಗೂ ಕೇಳುವ ನಿನ್ನ ರಂಗದ ದನಿಯಲ್ಲಿ ಅಂದೆ:

"ನೋಡಣ್ಣ, ನಮ್ಮ ಹುಡುಗಿ ಹೆಸ್ರು ಇಲ್ಲಿ ಐತೆ—"

ನನ್ನ ಮುಖ ನೋಡಿದೆ. ದನಿ ಸಣ್ಣದಾಯಿತು.

"ಅಲ್ಲಲ್ಲ... ಇದೆ."